ಶುಕ್ರವಾರದ ಚೀಲ ಕಟ್ಟುವ ಕೆಲಸ

ಶುಕ್ರವಾರ ಮಧ್ಯಾಹ್ನ ಶಾಲೆಯಲ್ಲಿ ಊಟ ಮಾಡಿದ ಮಗುವಿಗೆ ಮತ್ತೆ ಶಾಲೆಯಲ್ಲಿ ತಿಂಡಿ ಸಿಗುವುದು ಸೋಮವಾರ ಬೆಳಗ್ಗೆ. ನಡುವೆ ಶುಕ್ರವಾರ ರಾತ್ರಿ ಒಂದು, ಶನಿವಾರ ಮೂರು, ಭಾನುವಾರ ಮೂರು. ಒಟ್ಟು 7 ಊಟ. ಅಮೆರಿಕದ ಒಂದು ಫುಡ್ ಬ್ಯಾಂಕಿನಲ್ಲಿ, ಅಂದರೆ ದಾನವಾಗಿ ಬಂದ ಆಹಾರವನ್ನು ಕೂಡಿಸಿ ಬೇಕಾದವರಿಗೆ ಹಂಚುವ ಸಂಸ್ಥೆಯಲ್ಲಿ, ನಾನು ಮಾಡುವ ಕೆಲಸ ಈ ಏಳರ ಸುತ್ತಲೇ ಇದೆ. ಶನಿವಾರ, ಭಾನುವಾರ ಮನೆಯಲ್ಲಿ ಹೊಟ್ಟೆ ತುಂಬದ ಮಕ್ಕಳಿಗೆ ಶುಕ್ರವಾರ ಒಂದೊಂದು ಚೀಲ ಕೊಟ್ಟು ಕಳಿಸುತ್ತೇವೆ. ಅದರಲ್ಲಿ ಏನಿರಬೇಕು, ಯಾವ ಶಾಲೆಗೆ ಎಷ್ಟು ಹೋಗಬೇಕು ಅನ್ನೋದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ.

"ಅಮೆರಿಕದಲ್ಲೂ ಹಸಿದ ಮಕ್ಕಳಿದ್ದಾರಾ?" ಅಂತ ತುಂಬಾ ಜನ ಕೇಳುತ್ತಾರೆ. ಇದ್ದಾರೆ. ಶಾಲೆಯ ಮಧ್ಯಾಹ್ನದ ಊಟಕ್ಕೆ ಇಲ್ಲಿ 1946ರಲ್ಲೇ ಕಾನೂನು ಬಂತು. ಬೆಳಗಿನ ತಿಂಡಿ 1966ರಲ್ಲಿ ಪ್ರಯೋಗಕ್ಕೆಂದು ಶುರುವಾಗಿ 1975ರಲ್ಲಿ ಕಾಯಂ ಆಯಿತು. ಮನೆಯ ಆದಾಯ ಸರ್ಕಾರ ಹೇಳುವ ಬಡತನ ರೇಖೆಯ ಶೇ 130ರ ಒಳಗಿದ್ದರೆ ಊಟ ಪೂರ್ತಿ ಉಚಿತ. ಶೇ 185ರವರೆಗೆ ಇದ್ದರೆ ಊಟಕ್ಕೆ ಹೆಚ್ಚೆಂದರೆ 40 ಸೆಂಟ್. ವ್ಯವಸ್ಥೆ ಚೆನ್ನಾಗೇ ಇದೆ. ಆದರೆ ಅದು ಶಾಲೆ ನಡೆಯುವ ದಿನಗಳಿಗೆ, ಅಂದರೆ ವರ್ಷಕ್ಕೆ ಸುಮಾರು 180 ದಿನಕ್ಕೆ. ಉಳಿದ ದಿನಗಳ ಮಾತೇನು? 1990ರ ದಶಕದ ಮಧ್ಯದಲ್ಲಿ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಒಬ್ಬ ಶಾಲಾ ನರ್ಸ್ ಹತ್ತಿರ ಮಕ್ಕಳು ಹೊಟ್ಟೆನೋವು, ತಲೆಸುತ್ತು ಅಂತ ಬರುತ್ತಿದ್ದರು. ಅವರಿಗೆ ಆಗಿದ್ದು ಹಸಿವು. ಆ ನರ್ಸ್ ಅಲ್ಲಿನ ಫುಡ್ ಬ್ಯಾಂಕಿನ ನೆರವು ಕೇಳಿದರು. ಮಕ್ಕಳ ಬೆನ್ನಚೀಲದಲ್ಲಿ ಊಟ ಇಟ್ಟು ಕಳಿಸುವ ಕ್ರಮ ಅಲ್ಲಿಂದ ದೇಶದ ತುಂಬ ಹಬ್ಬಿತು.

ಈ ಕೆಲಸಕ್ಕೆ ಸೇರಿದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಈ ವಾರ ಎಷ್ಟು ಚೀಲ ಹೋಯಿತು? ದಾನಿಗಳು ಕೇಳುತ್ತಾರೆ, ಆಡಳಿತ ಮಂಡಳಿ ಕೇಳುತ್ತದೆ, ವರದಿಯಲ್ಲೂ ಅದೇ ಮೊದಲ ಸಾಲು. ನಮ್ಮ ಗೋದಾಮಿನ ಮೇಲ್ವಿಚಾರಕಿ ಮಾತ್ರ ಬೇರೆ ಪ್ರಶ್ನೆ ಕೇಳುತ್ತಿದ್ದರು. ಹೊಸ ಪದಾರ್ಥ ಯಾವುದೇ ಬರಲಿ, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದನ್ನ ಮನೇಲಿ ಯಾರು ತೆಗೀತಾರೆ?" ಅನ್ನೋರು. ಮೊದಮೊದಲು ಅದು ಅವರ ಅಭ್ಯಾಸದ ಮಾತು ಅಂದುಕೊಂಡಿದ್ದೆ. ಈ ಕೆಲಸದ ಬಹುಪಾಲು ಆ ಪ್ರಶ್ನೆಯಲ್ಲೇ ಇದೆ ಅಂತ ಈಗ ಅನಿಸುತ್ತದೆ.

ಯಾಕೆ ಅಂತ ಹೇಳುತ್ತೇನೆ. ವಾರಾಂತ್ಯದಲ್ಲಿ ಅಂಗಡಿ, ಹೋಟೆಲ್, ಆಸ್ಪತ್ರೆಯಲ್ಲಿ ಪಾಳಿ ಮಾಡುವ ತಾಯಿ ತಂದೆ ಎಷ್ಟೋ ಜನ. ಮನೆಯಲ್ಲಿ ಏಳು ವರ್ಷದ ಹುಡುಗಿ, ಜೊತೆಗೆ ಅವಳ ಪುಟ್ಟ ತಮ್ಮ. ಚೀಲದಲ್ಲಿ ಬೀನ್ಸ್ ಡಬ್ಬಿ ಇದೆ, ಆದರೆ ಅದಕ್ಕೆ ಓಪನರ್ ಬೇಕು. ಮನೆಯಲ್ಲಿ ಓಪನರ್ ಇಲ್ಲದಿರಬಹುದು, ಇದ್ದರೂ ಆ ಪುಟ್ಟ ಕೈಗೆ ಬಗ್ಗದು. ನಮ್ಮ ಲೆಕ್ಕದಲ್ಲಿ ಊಟ ತಲುಪಿತು. ಅವಳ ಲೆಕ್ಕದಲ್ಲಿ ತಲುಪಲಿಲ್ಲ. ಹಾಗಾಗಿ ಉಂಗುರ ಹಿಡಿದು ಎಳೆದರೆ ಮುಚ್ಚಳ ಬರುವ ಡಬ್ಬಿ ಮಾತ್ರ ಚೀಲಕ್ಕೆ. ಅದರ ಅಂಚು ಕೈ ಕೊಯ್ಯುತ್ತದೆ ಅನ್ನೋದೂ ನಿಜ, ಆದ್ದರಿಂದ ಚಿಕ್ಕ ತರಗತಿಗಳಿಗೆ ಸಾಧ್ಯವಾದಷ್ಟು ಪ್ಲಾಸ್ಟಿಕ್ ಬಟ್ಟಲು, ಕೈಯಲ್ಲೇ ಹರಿದು ತೆರೆಯುವ ಪೊಟ್ಟಣ. ಗಾಜಿನ ಬಾಟಲಿ ಬೇಡವೇ ಬೇಡ. ಒಲೆ ಹಚ್ಚಿ ಬೇಯಿಸಬೇಕಾದ ಅಕ್ಕಿ, ಒಣ ಪಾಸ್ತಾ ಕೂಡ ಬೇಡ. ಅವು ಅಗ್ಗ, ಹೊಟ್ಟೆ ತುಂಬಿಸುತ್ತವೆ, ದಾನವಾಗಿಯೂ ಜಾಸ್ತಿ ಬರುತ್ತವೆ. ಅವನ್ನು ದೊಡ್ಡವರು ಬಂದು ಒಯ್ಯುವ ವಿತರಣೆಗೆ ಕಳಿಸುತ್ತೇವೆ. ಮೈಕ್ರೋವೇವ್ ಎಲ್ಲರ ಮನೆಯಲ್ಲಿ ಇರುತ್ತದೆ ಅಂತ ನಂಬುವ ಹಾಗೂ ಇಲ್ಲ. ಮೋಟೆಲ್ ಕೋಣೆಯಲ್ಲಿ, ಕಾರಿನಲ್ಲಿ ದಿನ ಕಳೆಯುವ ಮಕ್ಕಳೂ ಈ ಪಟ್ಟಿಯಲ್ಲಿದ್ದಾರೆ. ತಣ್ಣಗೇ ತಿನ್ನಬಹುದಾದ ಪದಾರ್ಥ ಅರ್ಧಕ್ಕಿಂತ ಜಾಸ್ತಿ ಇರಲೇಬೇಕು ಅನ್ನೋದು ನಮ್ಮ ಕಟ್ಟಳೆ.

ಆಮೇಲೆ ತೂಕ. ಸಾಮಾನ್ಯ ಡಬ್ಬಿಯೊಂದರ ಒಳಗಿನ ಪದಾರ್ಥವೇ ಸುಮಾರು 425 ಗ್ರಾಂ. ಎಂಟು ಡಬ್ಬಿ ಅಂದರೆ ಮೂರೂವರೆ ಕಿಲೋ ಹತ್ತಿರ. ಒಂದನೇ ತರಗತಿಯ ಮಗುವಿನ ತೂಕವೇ ಇಪ್ಪತ್ತು ಕಿಲೋ ಆಸುಪಾಸು, ಅದರ ಬೆನ್ನ ಮೇಲೆ ಪುಸ್ತಕ ಬೇರೆ. ಬಸ್ ಇಳಿದು ನಡೆಯುವ ಮಗು ಭಾರ ಆದರೆ ಏನು ಮಾಡುತ್ತದೆ? ಒಂದೆರಡು ಡಬ್ಬಿ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತದೆ. ಬಸ್ಸಿನ ಸೀಟಿನ ಕೆಳಗೆ ಸೂಪ್ ಡಬ್ಬಿ ಉರುಳುತ್ತಿವೆ ಅಂತ ಚಾಲಕರು ಹೇಳಿದರೆ, ಅದು ಮಕ್ಕಳಿಗೆ ಹಸಿವಿಲ್ಲ ಅನ್ನೋದರ ಸೂಚನೆ ಅಲ್ಲ, ಚೀಲ ಭಾರವಾಗಿದೆ ಅನ್ನೋದರ ಸೂಚನೆ.

ಲೇಬಲ್ ಓದುವ ಕೆಲಸ ನಾನು ಖುಷಿಯಿಂದಲೇ ಮಾಡುತ್ತೇನೆ. ಸಸ್ಯಾಹಾರಿ ಮನೆಯಲ್ಲಿ ಬೆಳೆದು ಇಲ್ಲಿಗೆ ಬಂದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ. ಬೀನ್ಸ್ ಅಂತ ಬಂದ ಡಬ್ಬಿಯಲ್ಲಿ ಹಂದಿ ಮಾಂಸದ ತುಣುಕು ಇರುತ್ತದೆ. ಹಣ್ಣಿನ ಮಿಠಾಯಿಯಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಮುಸ್ಲಿಂ ಮನೆಗೆ, ಯಹೂದಿ ಮನೆಗೆ, ನಮ್ಮಂಥವರ ಮನೆಗೆ ಆ ಪೊಟ್ಟಣ ಹೋದರೆ ಕಸದ ಬುಟ್ಟಿಗೇ ದಾರಿ. ಅಲರ್ಜಿಯದು ಇನ್ನೂ ಗಂಭೀರ. ಇಲ್ಲಿನ ಕಾನೂನಿನಲ್ಲಿ ಮುಖ್ಯ ಅಲರ್ಜಿ ಪದಾರ್ಥಗಳು 9, ಎಳ್ಳು 2023ರಿಂದ ಆ ಪಟ್ಟಿ ಸೇರಿದೆ. ಕಡಲೆಕಾಯಿ ಬೆಣ್ಣೆ ಪ್ರೋಟೀನಿಗೆ ಒಳ್ಳೆಯದು, ಅಗ್ಗ, ಫ್ರಿಜ್ ಬೇಡ, ಮಕ್ಕಳಿಗೂ ಇಷ್ಟ. ಆದರೂ ಕಡಲೆಕಾಯಿ ಇಲ್ಲದ ಚೀಲವನ್ನು ಬೇರೆಯೇ ಕಟ್ಟಿ, ಬೇರೆ ಬಣ್ಣದ ದಾರ ಹಾಕಿ ಕಳಿಸುತ್ತೇವೆ. ಜೇನುತುಪ್ಪವನ್ನು ಪೂರ್ತಿ ಬಿಟ್ಟಿದ್ದೇವೆ. ಶಾಲೆಗೆ ಹೋಗುವ ಮಗುವಿಗೆ ಅದರಿಂದ ತೊಂದರೆ ಇಲ್ಲ. ಆದರೆ ಚೀಲ ಮನೆಯಲ್ಲಿ ಎಲ್ಲರಿಗೂ ಹಂಚಿ ಹೋಗುತ್ತದೆ, ಒಂದು ವರ್ಷ ತುಂಬದ ಕೂಸಿಗೆ ಜೇನು ಅಪಾಯ.

ದಿನಾಂಕದ ವಿಷಯದಲ್ಲಿ ನನಗೂ ಸಹೋದ್ಯೋಗಿಗಳಿಗೂ ಈಗಲೂ ವಾದ ನಡೆಯುತ್ತದೆ. ಡಬ್ಬಿಯ ಮೇಲೆ ಮುದ್ರಿಸುವ 'ಈ ದಿನದೊಳಗೆ ಉತ್ತಮ' ಅನ್ನೋದು ಹೆಚ್ಚಾಗಿ ರುಚಿಯ ಮಾತು. ಮಕ್ಕಳ ಫಾರ್ಮುಲಾ ಹಾಲು ಬಿಟ್ಟರೆ ಬೇರೆ ಆಹಾರಕ್ಕೆ ಕೇಂದ್ರ ಕಾನೂನು ಆ ದಿನಾಂಕವನ್ನು ಕಡ್ಡಾಯ ಮಾಡಿಲ್ಲ. 1996ರ ಕಾನೂನು ಒಳ್ಳೆಯ ಮನಸ್ಸಿನಿಂದ ಆಹಾರ ಕೊಟ್ಟವರಿಗೂ ಹಂಚಿದವರಿಗೂ ರಕ್ಷಣೆ ಕೊಡುತ್ತದೆ. ಹಾಗಿದ್ದ ಮೇಲೆ ಒಂದು ತಿಂಗಳು ದಾಟಿದ ಮೆಕ್ಕೆಜೋಳದ ಡಬ್ಬಿ ಯಾಕೆ ಬೇಡ? ದೊಡ್ಡವರ ವಿತರಣೆಯಲ್ಲಿ ಖಂಡಿತ ಬೇಕು. ಅಲ್ಲಿ ನಾವು ಎದುರಿಗೆ ನಿಂತು ವಿವರಿಸಬಹುದು. ಮಗುವಿನ ಚೀಲ ತೆರೆಯುವಾಗ ವಿವರಿಸಲು ಯಾರೂ ಇರುವುದಿಲ್ಲ. ಹಳೆಯ ದಿನಾಂಕ ಕಂಡ ತಾಯಿಗೆ, ಬೇರೆಯವರು ಬೇಡ ಅಂದಿದ್ದನ್ನು ನಮ್ಮ ಮಗುವಿಗೆ ಕೊಟ್ಟರು ಅನ್ನಿಸುತ್ತದೆ. ಮುಂದಿನ ವಾರ ಆ ಮಗು ಚೀಲ ಬೇಡ ಅನ್ನುತ್ತದೆ. ನನ್ನ ವಾದ ಇಷ್ಟೇ, ಸದ್ಯಕ್ಕೆ ಅದೇ ನಡೆಯುತ್ತಿದೆ.

ಯಾವ ಮಗುವಿಗೆ ಚೀಲ ಹೋಗುತ್ತದೆ ಅಂತ ನಮಗೆ ಗೊತ್ತಿಲ್ಲ. ಗೊತ್ತಾಗಲೂ ಬಾರದು. ಮಕ್ಕಳ ದಾಖಲೆ ಗುಟ್ಟಾಗಿರಬೇಕು ಅನ್ನೋ ಕಾನೂನು 1974ರದ್ದು. ಶಾಲೆಯಿಂದ ನಮಗೆ ಬರುವುದು ಬರೀ ಸಂಖ್ಯೆ: ಮಾಮೂಲಿ ಚೀಲ ಇಷ್ಟು, ಕಡಲೆಕಾಯಿ ಇಲ್ಲದ್ದು ಇಷ್ಟು. ಹೆಸರು ಶಾಲೆಯ ಕೌನ್ಸೆಲರ್ ಹತ್ತಿರ, ಅಂದರೆ ಮಕ್ಕಳ ಕಷ್ಟಸುಖ ವಿಚಾರಿಸುವ ಸಿಬ್ಬಂದಿ ಹತ್ತಿರ, ಇರುತ್ತದೆ. ಆಯ್ಕೆಗೆ ಆದಾಯದ ಕಾಗದ ಒಂದೇ ಸಾಲದು, ಶಿಕ್ಷಕರ ಕಣ್ಣೇ ಬೇಕು. ಸೋಮವಾರ ತಿಂಡಿಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವ ಮಗು, ಶುಕ್ರವಾರ ಊಟದ ಬ್ರೆಡ್ ಜೇಬಿಗೆ ಹಾಕಿಕೊಳ್ಳುವ ಮಗು, ತಮ್ಮನಿಗೂ ಒಂದು ಕೊಡ್ತೀರಾ ಅಂತ ಕೇಳುವ ಮಗು. ಇದನ್ನು ಯಾವ ಅರ್ಜಿಯೂ ತೋರಿಸುವುದಿಲ್ಲ.

ಕೊಡುವ ರೀತಿಯಲ್ಲೂ ಅಷ್ಟೇ ನಾಜೂಕು ಬೇಕು. ಎಲ್ಲರಿಗೂ ಒಂದೇ ಬಣ್ಣದ, ಸಂಸ್ಥೆಯ ಗುರುತಿನ ಚೀಲ ಕೊಟ್ಟರೆ ಶಾಲೆಗೆಲ್ಲ ಗೊತ್ತಾಗುತ್ತದೆ ಯಾರ ಮನೆಯಲ್ಲಿ ಊಟ ಇಲ್ಲ ಅಂತ. ಅದಕ್ಕೇ ನಮ್ಮದು ಗುರುತಿಲ್ಲದ ಸಾದಾ ಚೀಲ. ತರಗತಿ ಆಟದ ಮೈದಾನಕ್ಕೆ ಹೋದ ಹೊತ್ತಿನಲ್ಲಿ ಕೌನ್ಸೆಲರ್ ಅದನ್ನು ಮಗುವಿನ ಸ್ವಂತ ಬ್ಯಾಗಿನೊಳಗೆ ಇಟ್ಟು ಬರುತ್ತಾರೆ. ದಾನ ಕೊಟ್ಟ ಕಂಪನಿಗಳು ಮಕ್ಕಳ ಜೊತೆ ಫೋಟೋ ಕೇಳುತ್ತವೆ. ಕೊಡುವುದಿಲ್ಲ. ಗೋದಾಮಿಗೆ ಬಂದು ಚೀಲ ಕಟ್ಟಿ, ಅಲ್ಲಿ ಎಷ್ಟು ಬೇಕೋ ಅಷ್ಟು ಫೋಟೋ ತೆಗೆದುಕೊಳ್ಳಿ ಅನ್ನುತ್ತೇನೆ. ಕೆಲವರು ಮುಖ ಸಣ್ಣ ಮಾಡುತ್ತಾರೆ, ಮಾಡಲಿ.

ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ನಮಗೆ ಎಲ್ಲಕ್ಕಿಂತ ಕಷ್ಟದ್ದು. ಹಬ್ಬ ಗುರುವಾರ, ಹಾಗಾಗಿ ಬುಧವಾರಕ್ಕೇ ಶಾಲೆ ಮುಗಿದಿರುತ್ತದೆ, ಕೆಲವು ಕಡೆ ಇಡೀ ವಾರ ರಜೆ. ಏಳು ಊಟದ ಲೆಕ್ಕ ಹನ್ನೆರಡು, ಹದಿಮೂರು ದಾಟುತ್ತದೆ, ಆದರೆ ಮಗುವಿನ ಬೆನ್ನು ಅಷ್ಟೇ ಇರುತ್ತದೆ. ಆ ವಾರ ಹೆತ್ತವರನ್ನೇ ಕರೆದು ಪೆಟ್ಟಿಗೆ ಕೊಡುತ್ತೇವೆ.

ಇವೆಲ್ಲ ಸಣ್ಣ ಮಕ್ಕಳ ಮಾತು. ಹೈಸ್ಕೂಲಿನಲ್ಲಿ ಚೀಲ ನಡೆಯುವುದೇ ಇಲ್ಲ. ಹದಿನಾರು ವರ್ಷದ ಹುಡುಗ ಹಸಿದಿದ್ದರೂ ಕೌನ್ಸೆಲರ್ ಕೊಟ್ಟ ಚೀಲ ಹಿಡಿದು ಕಾರಿಡಾರಿನಲ್ಲಿ ನಡೆಯುವುದಿಲ್ಲ. ಅಲ್ಲಿ ಶಾಲೆಯೊಳಗೇ ಒಂದು ಚಿಕ್ಕ ಕೋಣೆ ಮಾಡಿದೆವು. ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಹೋಗಬಹುದು, ಸಹಿ ಇಲ್ಲ, ಪಟ್ಟಿ ಇಲ್ಲ. ಚರ್ಚೆ ಕ್ಲಬ್ಬಿನವರು, ಬ್ಯಾಂಡಿನವರು ಎಲ್ಲ ಸುಮ್ನೆ ಬಿಸ್ಕತ್ತಿಗೆ ಅಂತ ಬರುತ್ತಾರೆ. ಬರಲಿ, ಅವರ ನಡುವೆ ಬೇಕಾದವರೂ ಧೈರ್ಯವಾಗಿ ಬರುತ್ತಾರೆ. ಅಲ್ಲಿ ಊಟಕ್ಕಿಂತ ಬೇಗ ಖಾಲಿಯಾಗಿದ್ದು ಬಟ್ಟೆ ಸೋಪು, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡ್. ಸರ್ಕಾರದ ಆಹಾರ ನೆರವಿನ ಕಾರ್ಡಿನಲ್ಲಿ ಅವನ್ನು ಕೊಳ್ಳಲು ಬರುವುದಿಲ್ಲ. ಈಗ ಆ ಕೋಣೆಗೆ ನಾವು ಮೊದಲೇ ಪಟ್ಟಿ ಮಾಡಿ ಕಳಿಸುವುದಿಲ್ಲ. ಗುರುವಾರ ಹೋಗಿ ಯಾವ ಕಪಾಟು ಖಾಲಿ ಇದೆ ನೋಡಿ, ಅದನ್ನು ತುಂಬಿ ಬರುತ್ತೇವೆ.