ಬುಸಾನ್: ಕಡಲಂಚಿನ ದೇವಾಲಯಕ್ಕೆ ಬೆಳಿಗ್ಗೆಯೇ ಹೊರಡಿ

ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ಹೇದೊಂಗ್ ಯೊಂಗುಂಗ್ಸಾಕ್ಕೇ ಹೋಗಿ. 1376ರಲ್ಲಿ ಸ್ಥಾಪನೆಯಾದ ಈ ಬೌದ್ಧ ದೇವಾಲಯ ಕಡಲಿಗೆ ಅಂಟಿಕೊಂಡ ಬಂಡೆಗಳ ಮೇಲಿದೆ. ಅಲೆ ಬಡಿದಾಗ ಕೆಳಗಿನ ಬಂಡೆಯ ಮೇಲೆ ನಿಂತವರಿಗೆ ಉಪ್ಪುನೀರಿನ ಹನಿ ಸಿಡಿಯುತ್ತದೆ. ಹೇಉಂದೇ ಮೆಟ್ರೋ ನಿಲ್ದಾಣದ ಹೊರಗೆ 181ನೇ ನಂಬರಿನ ಬಸ್ ಹತ್ತಿ. ಇಳಿದ ಮೇಲೂ ಸ್ವಲ್ಪ ನಡೆಯಬೇಕು, ಕೊನೆಗೆ 108 ಮೆಟ್ಟಿಲು ಇಳಿಯಬೇಕು. ವಾಪಸ್ ಬರುವಾಗ ಅಷ್ಟನ್ನೂ ಹತ್ತಬೇಕಲ್ಲ, ಮಂಡಿನೋವಿನವರು ಯೋಚಿಸಿ. ತಡವಾದರೆ ಟೂರಿಸ್ಟ್ ಬಸ್ಸುಗಳ ಜನ ತುಂಬಿ, ದೇವಾಲಯದ ಸೇತುವೆಯ ಮೇಲೆ ನಿಲ್ಲಲೂ ಜಾಗ ಸಿಗದು.

ಬಸ್, ಮೆಟ್ರೋಗಳಲ್ಲಿ ದುಡ್ಡು ಕೊಡುವ ಟಿ-ಮನಿ ಕಾರ್ಡನ್ನು ಬಸ್ ಇಳಿಯುವಾಗಲೂ ಯಂತ್ರಕ್ಕೆ ಮುಟ್ಟಿಸಿ. ಮರೆತರೆ 30 ನಿಮಿಷದೊಳಗೆ ಮೆಟ್ರೋ ಹಿಡಿದರೂ ಬಸ್ಸಿನಿಂದ ಮೆಟ್ರೋಗೆ ಬದಲಾಯಿಸುವವರಿಗಿರುವ ರಿಯಾಯಿತಿ ಸಿಗುವುದಿಲ್ಲ.

ಗಮ್ಚೊನ್ ಎಂಬ ಬಣ್ಣದ ಮನೆಗಳ ಊರಿಗೆ ಮೆಟ್ರೋದ 1ನೇ ಲೈನಿನ ತೊಸೊಂಗ್ ನಿಲ್ದಾಣದಲ್ಲಿಳಿದು ಪುಟ್ಟ ಬಸ್ ಹತ್ತಿ. ಏರು ಕಡಿದಾಗಿದೆ, ನಡೆದು ಹೋಗುವ ಹಟ ಬೇಡ. ಕೊರಿಯಾ ಯುದ್ಧದ ನಿರಾಶ್ರಿತರು ಕಟ್ಟಿಕೊಂಡ ಊರಿದು, ಬಣ್ಣದ ಗೋಡೆಗಳ ಹಿಂದೆ ಇಂದಿಗೂ ಸಂಸಾರಗಳಿವೆ. ದಯವಿಟ್ಟು ಓಣಿಗಳಲ್ಲಿ ದನಿ ತಗ್ಗಿಸಿ, ಕಿಟಕಿಗಳತ್ತ ಕ್ಯಾಮೆರಾ ತಿರುಗಿಸಬೇಡಿ.

ಜಗಲ್ಚಿ ಮೀನು ಮಾರುಕಟ್ಟೆಯಲ್ಲಿ ಕೆಳಗೆ ಮೀನು ಕೊಂಡು ಮೇಲಿನ ಮಹಡಿಯಲ್ಲಿ ತಿನ್ನಬಹುದು. ಅಲ್ಲಿ ಮೀನು ಸುತ್ತಿ ತಿನ್ನುವ ಎಲೆ, ಚಟ್ನಿ, ಅಡುಗೆಗೆ ತಲೆಗಿಷ್ಟೆಂದು ಬೇರೆ ಹಣವಿದೆ. ಮೀನು ತೂಗಿಸುವ ಮೊದಲೇ ಕೇಳಿಕೊಳ್ಳಿ.