21 ಸೆಕೆಂಡು ಉಳಿದಿದ್ದಾಗ ಕೇಳಿದ ಟೈಮ್‌ಔಟ್

ಅಮೆರಿಕದ ಕಾಲೇಜುಗಳ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡಗಳು ನವೆಂಬರ್‌ನಿಂದ ಮಾರ್ಚ್‌ವರೆಗೆ ಮೂವತ್ತರ ಆಸುಪಾಸು ಪಂದ್ಯಗಳನ್ನು ಆಡುತ್ತವೆ. ಅಲ್ಲಿನ ಕೋಚ್ ಡಿಸೆಂಬರ್‌ನಲ್ಲಿ ಎಡವಿದ್ದನ್ನು ಫೆಬ್ರವರಿಯೊಳಗೆ ತಿದ್ದಿಕೊಳ್ಳಬಹುದು. ಪದವಿ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕನಾದ ನನಗೆ ಅಂಥ ಅವಕಾಶವಿಲ್ಲ. ಪ್ರವೇಶ ಮುಗಿದು, ಹೊಸ ಹುಡುಗರಲ್ಲಿ ಚೆಂಡು ಹಿಡಿಯಬಲ್ಲವರನ್ನು ಹುಡುಕಿ, ಎಲಿಜಿಬಿಲಿಟಿ ಫಾರಂಗಳಿಗೆ ಪ್ರಾಂಶುಪಾಲರ ಸಹಿ ಹಾಕಿಸಿ, ಇಂಟರ್ನಲ್ಸ್ ಮತ್ತು ಹಾಜರಾತಿಯ ವಿಷಯದಲ್ಲಿ ವಿಭಾಗ ಮುಖ್ಯಸ್ಥರನ್ನು ಒಪ್ಪಿಸುವ ಹೊತ್ತಿಗೆ ವಲಯ ಮಟ್ಟದ ಪಂದ್ಯಾವಳಿ ಬಂದೇಬಿಡುತ್ತದೆ. ನಾಕೌಟ್ ಆದ್ದರಿಂದ ಒಂದು ಸೋಲಿಗೆ ವರ್ಷವೇ ಮುಗಿಯುತ್ತದೆ. ಕಳೆದ ಸಲ ನಮ್ಮ ವರ್ಷ ಸೆಮಿಫೈನಲ್‌ನಲ್ಲಿ ಮುಗಿಯಿತು, ಮತ್ತು ಅದನ್ನು ಮುಗಿಸಿದವನು ಆಟಗಾರನಲ್ಲ, ಬೆಂಚಿನ ಮುಂದೆ ನಿಂತಿದ್ದ ನಾನು.

ಅತಿಥೇಯ ಕಾಲೇಜಿನಲ್ಲಿ ಒಳಾಂಗಣ ಅಂಕಣವಿತ್ತು, ಎರಡೂ ಬೋರ್ಡುಗಳ ಮೇಲೆ ಕೆಂಪಗೆ ಬೆಳಗುವ ಶಾಟ್ ಕ್ಲಾಕ್ (ಚೆಂಡು ಹಿಡಿದ ತಂಡಕ್ಕೆ ಬುಟ್ಟಿಗೆ ಎಸೆಯಲು ಉಳಿದ ಸೆಕೆಂಡುಗಳನ್ನು ತೋರಿಸುವ ಗಡಿಯಾರ) ಇತ್ತು. ನಮ್ಮ ಹುಡುಗರು ಅಭ್ಯಾಸ ಮಾಡುವುದು ಬಯಲಿನ ಸಿಮೆಂಟ್ ಅಂಕಣದಲ್ಲಿ. ಅಲ್ಲಿ ಶಾಟ್ ಕ್ಲಾಕ್ ಎಂದರೆ ನನ್ನ ಕೈಯಲ್ಲಿರುವ ಸ್ಟಾಪ್‌ವಾಚ್ ಮತ್ತು ನನ್ನ ಗಂಟಲು. ಹಾಗಿದ್ದರೂ ಮೂರು ಕ್ವಾರ್ಟರ್ ಚೆನ್ನಾಗಿ ಆಡಿದರು. ನಾಲ್ಕನೆಯದರ ಕೊನೆಯಲ್ಲಿ ಐದು ಅಂಕಗಳಿಂದ ಮುಂದಿದ್ದಾಗ ಎದುರಾಳಿ ಕೋಚ್ ಫುಲ್ ಕೋರ್ಟ್ ಪ್ರೆಸ್ ಹಾಕಿಸಿದರು, ಅಂದರೆ ಅಂಕಣದುದ್ದಕ್ಕೂ ಒತ್ತಡದ ಕಾವಲು. ಒಂದು ಸಲ ಎಂಟು ಸೆಕೆಂಡಿನೊಳಗೆ ಅರ್ಧ ಅಂಕಣ ದಾಟಲಾಗದೆ ಚೆಂಡು ಕಳೆದುಕೊಂಡೆವು, ಮತ್ತೊಂದು ಸಲ ಗೆರೆಯ ಹೊರಗಿನಿಂದ ಒಳಗೆ ಕೊಡುವ ಇನ್‌ಬೌಂಡ್ ಪಾಸನ್ನೇ ಕಸಿದುಕೊಂಡರು. ಬುಟ್ಟಿಯ ಬಳಿಗೇ ಹೋಗಿ ಹಾಕಿದ ಅವರ ಲೇ-ಅಪ್ ಬಿದ್ದಾಗ ಅಂಕಪಟ್ಟಿ 58–57, ನಿಂತ ಗಡಿಯಾರದಲ್ಲಿ 21 ಸೆಕೆಂಡು. ಚೆಂಡು ನಮ್ಮದು. ಟೇಬಲ್ ಕಡೆಗೆ ಕೈಮಾಡಿ ಟೈಮ್‌ಔಟ್ ಕೇಳಿದೆ.

ಕೊನೆಯ ಎರಡು ನಿಮಿಷಗಳಲ್ಲಿ ಹೀಗೆ ಟೈಮ್‌ಔಟ್ ತೆಗೆದುಕೊಂಡಾಗ ಆಟವನ್ನು ಸ್ವಂತ ಬುಟ್ಟಿಯ ಕೆಳಗಿನಿಂದಲೇ ಶುರು ಮಾಡಬೇಕೋ ಅಥವಾ ಎದುರಾಳಿಯ ಅರ್ಧದಲ್ಲಿ, ಚೆಂಡನ್ನು ಒಳಗೆ ಕೊಡುವ ಜಾಗ ಗುರುತಿಸುವ ಥ್ರೋ-ಇನ್ ಗೆರೆಯಿಂದಲೋ ಎಂಬುದನ್ನು ಕೋಚ್ ಆರಿಸಬೇಕು. ನಾನು ಫೀಬಾದ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ) ನಿಯಮಗಳನ್ನು ಕಲಿತ ಕಾಲದಲ್ಲಿ ಆಯ್ಕೆಯೇ ಇರಲಿಲ್ಲ. ಚೆಂಡು ತಾನಾಗಿಯೇ ಮುಂದಿನ ಗೆರೆಗೆ ಹೋಗುತ್ತಿತ್ತು, ಪೂರ್ತಿ 24 ಸೆಕೆಂಡೂ ಸಿಗುತ್ತಿತ್ತು. 2018ರ ನಿಯಮ ಪುಸ್ತಕದಿಂದೀಚೆಗೆ ಮುಂದಿನ ಗೆರೆಯನ್ನು ಆರಿಸಿದವರಿಗೆ 14 ಸೆಕೆಂಡು ಮಾತ್ರ. ಇದು ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ರಿಫ್ರೆಶರ್ ತರಗತಿಯಲ್ಲಿ ಕೂತು ಕೇಳಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಆ ಒಂದು ನಿಮಿಷ ನನ್ನ ತಲೆಯ ತುಂಬ ಇದ್ದದ್ದು ಅವರ ಪ್ರೆಸ್ ಮಾತ್ರ. ಹಿಂದಿನಿಂದ ಆಡಿದರೆ ಮತ್ತೆ ಕಸಿದುಕೊಳ್ಳುತ್ತಾರೆ, ಮುಂದಕ್ಕೆ ಹೋದರೆ ಅರ್ಧ ಅಂಕಣ ದಾಟುವ ಗೋಜೇ ಇಲ್ಲ ಎಂದು ಲೆಕ್ಕ ಹಾಕಿದೆ. ಹುಡುಗರಿಗೆ ಹೇಳಿದ್ದು ಒಂದೇ ಮಾತು: “ಚೆಂಡು ಹಿಡಿದಿಟ್ಟುಕೊಳ್ಳಿ, ಅವರೇ ಬಂದು ಫೌಲ್ ಮಾಡ್ತಾರೆ.” ರೆಫರಿ ಬಂದು “ಮುಂದೇನಾ, ಹಿಂದೇನಾ ಸರ್?” ಎಂದಾಗ ಯೋಚಿಸದೆ “ಮುಂದೆ” ಎಂದೆ.

ಶಾಟ್ ಕ್ಲಾಕ್ ಮೇಲೆ 14 ಮೂಡಿದಾಗ ಎದೆ ಧಸಕ್ಕೆಂದಿತು. ಹಿಂದಿನಿಂದ ಆಡಿಸಿದ್ದರೆ 24 ಸೆಕೆಂಡು ಸಿಗುತ್ತಿದ್ದರಿಂದ ಉಳಿದ 21 ಸೆಕೆಂಡಿಗೆ ಶಾಟ್ ಕ್ಲಾಕ್ ಕತ್ತಲಾಗಿಯೇ ಇರುತ್ತಿತ್ತು, ಎದುರಾಳಿಗಳಿಗೆ ಫೌಲ್ ಮಾಡದೆ ಬೇರೆ ದಾರಿಯಿರುತ್ತಿರಲಿಲ್ಲ. ಅವರ ನಾಲ್ಕು ಟೀಮ್ ಫೌಲ್ ಆಗಲೇ ಮುಗಿದಿದ್ದವು, ಇನ್ನೊಂದು ಮಾಡಿದರೆ ನಮಗೆ ಫ್ರೀ ಥ್ರೋ, ಫ್ರೀ ಥ್ರೋ ಚೆನ್ನಾಗಿ ಹಾಕುವ ನಮ್ಮ ಇಬ್ಬರೂ ಹುಡುಗರು ಅಂಕಣದಲ್ಲಿದ್ದರು. ಈಗ ಅವರು ಸುಮ್ಮನೆ 14 ಸೆಕೆಂಡು ಕಾವಲು ಕಾದರೆ ಸಾಕು, ಚೆಂಡು ತಾನಾಗಿಯೇ ಅವರ ಕೈಗೆ ಬರುತ್ತದೆ. ಕೈಯಲ್ಲಿ ಇನ್ನೊಂದು ಟೈಮ್‌ಔಟ್ ಇತ್ತು, ಆದರೆ ಒಮ್ಮೆ ಹೇಳಿದ ಆಯ್ಕೆಯನ್ನು ಮತ್ತೊಂದು ಟೈಮ್‌ಔಟ್ ತೆಗೆದುಕೊಂಡರೂ ಬದಲಿಸುವಂತಿಲ್ಲ. ನನಗಿಂತ ಹಿರಿಯರಾದ ಆ ಕೋಚ್ ಇದನ್ನೆಲ್ಲ ನನಗಿಂತ ಮೊದಲೇ ಗ್ರಹಿಸಿದ್ದರು. “ಫೌಲ್ ಬೇಡ್ರೋ, ಹದಿನಾಲ್ಕೇ ಇರೋದು!” ಎಂದು ಅವರು ಕೂಗಿದ್ದು ಇಡೀ ಹಾಲ್‌ಗೆ ಕೇಳಿಸಿತು.

ಅಂಕಣದಲ್ಲಿ ಆಟ ನಡೆಸುವ ನಮ್ಮ ಪಾಯಿಂಟ್ ಗಾರ್ಡ್ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ. ಚೆಂಡನ್ನು ಹಿಡಿದಿಟ್ಟುಕೊಂಡು, ಫೌಲ್ ಬರುತ್ತದೆಂದು ಕಾದ. ಬೋರ್ಡಿನ ಮೇಲಿನ ಅಂಕಿಯನ್ನು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ, ಏಕೆಂದರೆ ನಮ್ಮ ಬೋರ್ಡಿನ ಮೇಲೆ ಅಂಥ ಅಂಕಿಯೇ ಇಲ್ಲ. ಬೆಂಚಿನಿಂದ ನಾವೆಲ್ಲ ಕೂಗಿದ್ದು ಕೇಳಿಸುವಷ್ಟರಲ್ಲಿ ಮೂರು ಸೆಕೆಂಡು ಉಳಿದಿತ್ತು. ಮೂಲೆಯಲ್ಲಿದ್ದವನಿಗೆ ಪಾಸ್ ಕೊಟ್ಟ, ಅವನು ಕೈ ಅಡ್ಡವಿದ್ದರೂ ಎಸೆದ, ಚೆಂಡು ರಿಂಗಿಗೆ ಬಡಿದು ಹೊರಬಂತು. ಅವರ ರಿಬೌಂಡ್, ಉದ್ದನೆಯ ಒಂದು ಪಾಸ್, ಒಂದು ಲೇ-ಅಪ್. 58–59. ಒಂದು ಸೆಕೆಂಡಿಗೂ ಕಡಿಮೆ ಉಳಿದಿದ್ದಾಗ ಕೊನೆಯ ಟೈಮ್‌ಔಟ್ ತೆಗೆದುಕೊಂಡು ಮತ್ತೆ “ಮುಂದೆ” ಎಂದೆ. ಈ ಸಲ ಅದೇ ಸರಿಯಾದ ಉತ್ತರವಾಗಿತ್ತು, ಆದರೆ ಪಾಸ್ ಯಾರ ಕೈಗೂ ಸಿಗಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ಹುಡುಗರೆಲ್ಲ ಮೂಲೆಯಿಂದ ಎಸೆದವನನ್ನು ದೂರುತ್ತಿದ್ದರು. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾನು ಮುಂದಿನ ಸೀಟಿನಲ್ಲಿ ಟಿಎ-ಡಿಎ ರಶೀದಿಗಳನ್ನು ಜೋಡಿಸುವ ನೆಪದಲ್ಲಿ ಸುಮ್ಮನಿದ್ದೆ. ಮುಂದಿನ ವಾರ ಅಭ್ಯಾಸದಲ್ಲಿ ನಿಜ ಹೇಳಿದಾಗ ಪಾಯಿಂಟ್ ಗಾರ್ಡ್ ಕೇಳಿದ: “ಸರ್, ಎನ್‌ಬಿಎನಲ್ಲಿ ಮುಂದೆ ಹೋದ್ರೂ 24 ಇರುತ್ತಲ್ವಾ?” ಹೌದು, ಅಮೆರಿಕದ ಆ ವೃತ್ತಿಪರ ಲೀಗಿನಲ್ಲಿ ಇರುತ್ತದೆ. ಹುಡುಗರು ಫೋನಿನಲ್ಲಿ ನೋಡುವುದು ಒಂದು ನಿಯಮ, ನನ್ನ ರಕ್ತದಲ್ಲಿ ಕೂತಿರುವುದು ಇನ್ನೊಂದು ಹಳೆಯ ನಿಯಮ, ರೆಫರಿಯ ಕೈಯಲ್ಲಿರುವುದು ಮೂರನೆಯದು. ಸೋತ ದಿನದ ಬಸ್ಸಿನಲ್ಲೇ ಈ ಮಾತು ಆಗಿದ್ದರೆ ಮೂಲೆಯವನಿಗೆ ಒಂದು ವಾರದ ಚುಚ್ಚುಮಾತು ತಪ್ಪುತ್ತಿತ್ತು. ಟೈಮ್‌ಔಟ್‌ಗಿಂತ ನನಗೆ ಹೆಚ್ಚು ಕಾಡುವುದು ಇದು.

ಸಲಕರಣೆಯ ಬಗ್ಗೆ ಹೇಳದೆ ಇರಲಾರೆ. ಶಾಟ್ ಕ್ಲಾಕ್‌ಗಾಗಿ ಕ್ರೀಡಾ ಸಮಿತಿಗೆ ಕೊಟ್ಟ ಅರ್ಜಿಗೆ ಪ್ರತಿ ವರ್ಷವೂ ಮೂರು ಕೊಟೇಶನ್ ಕೇಳುತ್ತಾರೆ, ಕೊಟ್ಟ ಮೇಲೆ ಮಾರ್ಚ್ ಮುಗಿಯುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚೆ ಮಾತ್ರ ಯಾರೂ ಕೇಳದಿದ್ದರೂ ಅಂಕಣಕ್ಕೆ ಬಣ್ಣ ಬಂತು. ಪೇಂಟರ್ ಹಳೆಯ ಗೆರೆಗಳ ಮೇಲೆಯೇ ನಿಷ್ಠೆಯಿಂದ ಬಳಿದ, ಆದ್ದರಿಂದ 2010ರಲ್ಲೇ 6.75 ಮೀಟರ್‌ಗೆ ಸರಿದ ಮೂರು ಅಂಕದ ಗೆರೆ ನಮ್ಮಲ್ಲಿ ಇಂದಿಗೂ 6.25ರಲ್ಲಿ ಹೊಳೆಯುತ್ತಿದೆ. ಥ್ರೋ-ಇನ್ ಗೆರೆಯಂತೂ ಇಲ್ಲವೇ ಇಲ್ಲ. ಅಂಕಣದ ಹೊರಗೆ, ಟೇಬಲಿನ ಎದುರು ಬದಿಯಲ್ಲಿ, ಎಂಡ್ ಲೈನ್‌ನಿಂದ 8.325 ಮೀಟರ್ ದೂರದಲ್ಲಿ ಇರಬೇಕಾದ ಬರೀ 15 ಸೆಂಟಿಮೀಟರ್ ಉದ್ದದ ಗೆರೆ ಅದು. ಈ ವರ್ಷ ನಾನೇ ಟೇಪ್ ಹಿಡಿದು ಅಳೆದು ಎಳೆದಿದ್ದೇನೆ.

ಈಗ ಬೆಳಗಿನ ಅಭ್ಯಾಸದ ಕೊನೆಯ ಕಾಲು ಗಂಟೆ ಇದಕ್ಕೇ ಮೀಸಲು. ಉಳಿದ ಸಮಯ, ಅಂಕ, ಟೀಮ್ ಫೌಲ್ ಇಷ್ಟನ್ನು ನಾನು ಹೇಳುತ್ತೇನೆ. ಮುಂದೆಯೋ ಹಿಂದೆಯೋ ಎಂಬುದನ್ನು ಹುಡುಗರು ತೀರ್ಮಾನಿಸಿ, ಕಾರಣ ಹೇಳಿ, ಆಮೇಲೆ ಆಡಿ ತೋರಿಸಬೇಕು. ಒಬ್ಬ ಹಳೆಯ ವಿದ್ಯಾರ್ಥಿ ಫೋನಿನ ಆ್ಯಪ್ ಒಂದನ್ನು ಟ್ಯಾಬ್ಲೆಟ್‌ಗೆ ಹಾಕಿಕೊಟ್ಟಿದ್ದಾನೆ. ಅದನ್ನು ಬೋರ್ಡಿನ ಕಂಬಕ್ಕೆ ಕಟ್ಟುತ್ತೇವೆ, ಬಿಸಿಲೇರಿದ ಮೇಲೆ ಅಂಕಿ ಕಾಣುವುದಿಲ್ಲ. ಈ ಸಲದ ವಲಯ ಪಂದ್ಯಾವಳಿ ಬೇರೊಂದು ಕಾಲೇಜಿನಲ್ಲಿದೆ. ಶಾಟ್ ಕ್ಲಾಕ್ ವ್ಯವಸ್ಥೆ ಹೇಗಿದೆ ಎಂದು ಅಲ್ಲಿನ ನಿರ್ದೇಶಕರನ್ನು ಫೋನಿನಲ್ಲಿ ವಿಚಾರಿಸಿದೆ. ಸ್ಟಾಪ್‌ವಾಚ್ ಕೊಟ್ಟು ಒಬ್ಬ ಹುಡುಗನನ್ನು ಕೂರಿಸುತ್ತೇವೆ ಎಂದರು.