ಹೊಂಡಕ್ಕೆ ಹಗ್ಗ, ಮೆದೆ ಪಕ್ಕ ಡ್ರಮ್ಮು

ನಮ್ಮ ಕೃಷಿ ಹೊಂಡದ ನಾಲ್ಕೂ ಬದಿಗೆ ಈಗ ಹಗ್ಗ ಇಳಿಬಿಟ್ಟಿದ್ದೇವೆ. ಮೂರು ವರ್ಷದ ಹಿಂದೆ ಒಂದೂ ಇರಲಿಲ್ಲ. ಆ ವರ್ಷ ಯುಗಾದಿ ಮಾರನೇ ದಿನ, ವರ್ಷತೊಡಕಿನ ಮಧ್ಯಾಹ್ನ, ನಾದಿನಿ ಮಗ ಹೊಂಡಕ್ಕೆ ಜಾರಿದ. 11 ವರ್ಷದ ಹುಡುಗ. ಬೆಂಗಳೂರಿಂದ ಹಬ್ಬಕ್ಕೆ ಬಂದಿದ್ದ. ಈಜಲು ಹೋದವನಲ್ಲ. ಚೆಂಡು ಹೊಂಡಕ್ಕೆ ಬಿತ್ತು, ತೆಗೆಯೋಣ ಅಂತ ಎರಡು ಹೆಜ್ಜೆ ಇಳಿದ. ಅಷ್ಟೇ.

ನೀರು ಅರ್ಧಕ್ಕೆ ಇಳಿದಿತ್ತು. ಮೇಲಿಂದ ನೋಡಿದವರಿಗೆ ಇಷ್ಟು ನೀರಲ್ಲಿ ಏನಾಗುತ್ತೆ ಅನ್ನಿಸುತ್ತದೆ. ಆದರೆ ಈ ಹೊಂಡಗಳಲ್ಲಿ ನೀರು ಇಳಿದಷ್ಟೂ ಹತ್ತುವುದು ಕಷ್ಟ. ನೀರಿನಿಂದ ಏರಿಯವರೆಗೆ ಏಳು ಅಡಿ ಬರೀ ಪ್ಲಾಸ್ಟಿಕ್ ಶೀಟು. ಅದರ ಮೇಲೆ ತೆಳ್ಳಗೆ ಪಾಚಿ. ಹುಡುಗ ಕೂಗಲಿಲ್ಲ. ಮುಳುಗುತ್ತಿರುವವರು ಸಿನಿಮಾದಲ್ಲಿ ಕೂಗಿದ ಹಾಗೆ ಕೂಗುವುದಿಲ್ಲ, ಉಸಿರಿಗೇ ಒದ್ದಾಡುತ್ತಿರುತ್ತಾರೆ. ಅಲ್ಲೇ ಪಕ್ಕದಲ್ಲಿ ಪೊರಕೆಗೆ ಅಂತ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದ ನಮ್ಮತ್ತೆಗೆ ಕೇಳಿಸಿದ್ದು ಶೀಟಿನ ಮೇಲೆ ಉಗುರು ಕೆರೆಯುವ ಸದ್ದು. ಕೋಳಿ ಏನೋ ಕೆದಕುತ್ತಿದೆ ಅಂತ ತಿರುಗಿ ನೋಡಿದರಂತೆ.

ಮೈದುನ ಅಂಗಿ ಬಿಚ್ಚಿ ಹಾರಲು ಓಡಿದ. ಅತ್ತೆ ತಡೆದರು. ‘ಇಳೀಬೇಡ ಕಣೋ, ಇಳಿದ್ರೆ ನೀನೂ ಹತ್ತಕ್ಕಾಗಲ್ಲ. ದೋಟಿ ತಾ’ ಅಂದರು. ತೆಂಗಿನಕಾಯಿ ಕೀಳುವ ದೋಟಿ ಮರಕ್ಕೆ ಒರಗಿತ್ತು. ಅದನ್ನು ಹಿಂದುಮುಂದು ಮಾಡಿ, ಬುಡದ ಕಡೆಯನ್ನು ಹುಡುಗನಿಗೆ ಚಾಚಿ, ಕುಡುಗೋಲು ಕಟ್ಟಿದ ಕಡೆಯನ್ನು ತಾವು ಹಿಡಿದು ಏರಿ ಮೇಲೆ ಬೋರಲು ಮಲಗಿದರು. ಮೈದುನ ಅವರ ಕಾಲು ಹಿಡಿದುಕೊಂಡ. ಹುಡುಗ ಬಿದಿರು ಹಿಡಿದ. ಇಬ್ಬರೂ ಸೇರಿ ಎಳೆದರು. ಅವನ ಎರಡು ಉಗುರು ಕಿತ್ತು ಬಂದಿದ್ದವು. ಅತ್ತೆಯ ಅಂಗೈಗೆ ಕುಡುಗೋಲು ತಾಗಿ ನಾಲ್ಕು ಹೊಲಿಗೆ ಬಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೊಮ್ಮಗನ ಬೆನ್ನು ಸವರುತ್ತಾ ಕೂತಿದ್ದರು.

ನಾನು ತಿಪಟೂರು ಸೀಮೆಯ ಒಂದು ಸಣ್ಣ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ ಮತ್ತು ಸಂಜೆ ಊರಿನ ಅರ್ಧ ಜನ ಕ್ಯಾನು ಹಿಡಿದು ನನ್ನ ಮುಂದೆ ನಿಲ್ಲುತ್ತಾರೆ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಅವರಿಗೆ ನಾನು ಎರಡೇ ಮಾತು ಹೇಳುತ್ತೇನೆ. ನಿಮ್ಮ ಹೊಂಡಕ್ಕೆ ಹಗ್ಗ ಕಟ್ಟಿದ್ದೀರಾ? ಬೆಂಕಿ ಬಿದ್ದರೆ ಅಂತ ಹುಲ್ಲಿನ ಮೆದೆ ಪಕ್ಕ ನೀರಿಟ್ಟಿದ್ದೀರಾ? ಫ್ಯಾಟ್ ನೋಡುವ ಹೊತ್ತಿನಲ್ಲಿ ಎಷ್ಟು ಹೇಳಲು ಆಗುತ್ತದೆ? ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಅತ್ತೆ ಈಜು ಕಲಿತದ್ದು ತವರಿನ ತೆರೆದ ಬಾವಿಯಲ್ಲಿ. ಬೆನ್ನಿಗೆ ಕತ್ತಾಳೆ ಬೆಂಡು ಕಟ್ಟಿ ಅವರಪ್ಪ ನೀರಿಗೆ ಬಿಡುತ್ತಿದ್ದರಂತೆ. ಆ ಬಾವಿಗೆ ಮೆಟ್ಟಿಲಿತ್ತು. ಮೆಟ್ಟಿಲಿಲ್ಲದ ಕಡೆ ಗೋಡೆಯಿಂದ ಕಲ್ಲು ಹೊರಗೆ ಚಾಚಿತ್ತು. ಬಿದ್ದವರ ಕೈಗೆ ಏನಾದರೂ ಸಿಗುತ್ತಿತ್ತು. ಕೆರೆಯಲ್ಲೂ ಹಾಗೇ, ದಡ ಅಂದರೆ ಮಣ್ಣು, ಬೇರು, ಜೊಂಡು. ಈಗ ಬಾವಿಗಳು ಬತ್ತಿವೆ, ಮಕ್ಕಳಿಗೆ ಈಜು ಬರುವುದಿಲ್ಲ. 2014ರಲ್ಲಿ ಹೊಂಡಕ್ಕೆ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲೂ ಹೊಂಡ ಆಯಿತು. ಒಳ್ಳೆಯದೇ ಆಯಿತು, ನಮ್ಮ ತೋಟ ಬರದಲ್ಲಿ ಉಳಿದದ್ದೇ ಅದರಿಂದ. ಆದರೆ 3 ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಮೇಲೆ ಶೀಟು. ಕೈಗೆ ಏನೂ ಸಿಗದ ನೀರು ಅದು. ಈಜು ಬರುವವರೂ ಅದರಲ್ಲಿ ಸುಸ್ತಾಗಿ ಹೋಗುತ್ತಾರೆ. ಮಗನನ್ನು ಎತ್ತಲು ಅಪ್ಪ ಇಳಿಯುತ್ತಾನೆ, ಅವನ ಹಿಂದೆ ಚಿಕ್ಕಪ್ಪ ಇಳಿಯುತ್ತಾನೆ. ಪೇಪರಿನಲ್ಲಿ ಒಂದೇ ಮನೆಯ ಇಬ್ಬರು ಮೂವರು ಅಂತ ಓದುತ್ತೇವಲ್ಲ, ಅದು ಹೀಗೇ ಆಗುವುದು.

ಹಗ್ಗದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ ತನ್ನಿ. ಅಡಿಗೊಂದು ಗಂಟು ಹಾಕಿ. ಗಂಟಿಲ್ಲದಿದ್ದರೆ ಒದ್ದೆ ಕೈ ಜಾರುತ್ತದೆ. ಏರಿಯ ಆಚೆ ಎರಡು ಅಡಿ ಆಳಕ್ಕೆ ಕಲ್ಲುಕಂಬ ನೆಟ್ಟು ಒಂದು ತುದಿ ಅದಕ್ಕೆ ಬಿಗಿಯಿರಿ. ಇನ್ನೊಂದು ತುದಿ ಹೊಂಡದ ತಳ ಮುಟ್ಟಬೇಕು. ತುಂಬ ಜನ ಹೊಂಡ ತುಂಬಿದಾಗಿನ ಅಳತೆಗೆ ಕತ್ತರಿಸುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಗ್ಗ ಮೇಲೇ ನೇತಾಡುತ್ತಿರುತ್ತದೆ. ಹಗ್ಗ ಸರಿದಾಡದ ಹಾಗೆ ತುದಿಗೆ ಭಾರ ಬೇಕು. ಕಲ್ಲು ಕಟ್ಟಿದರೆ ಶೀಟು ಹರಿಯುತ್ತೆ ಅಂತ ನಮ್ಮನೆಯವರು ಮೊದಲು ಒಪ್ಪಲಿಲ್ಲ. ಆಮೇಲೆ ನುಣ್ಣನೆ ಕಲ್ಲನ್ನು ಎರಡು ಪದರ ಗೋಣಿಚೀಲದಲ್ಲಿ ಸುತ್ತಿ ಕಟ್ಟಿದೆವು. ಮೂರು ಬೇಸಿಗೆ ಕಳೆಯಿತು, ಶೀಟಿಗೆ ಏನೂ ಆಗಿಲ್ಲ. ನಾಲ್ಕು ಬದಿಗೂ ಒಂದೊಂದು ಬೇಕು. ಬಿದ್ದವರು ಗಾಬರಿಯಲ್ಲಿ ಆಚೆ ಬದಿಗೆ ಈಜಿಕೊಂಡು ಹೋಗುವುದಿಲ್ಲ. ಒಂದು ಕಡೆ ಬೈಕಿನ ಹಳೇ ಟೈರುಗಳನ್ನು ಸಾಲಾಗಿ ಕಟ್ಟಿ ಏಣಿ ಹಾಗೆ ಇಳಿಬಿಟ್ಟಿದ್ದೇವೆ. ಮಕ್ಕಳಿಗೆ ಅದೇ ಸುಲಭ. ಮುಚ್ಚಳ ಬಿಗಿಯಾದ 20 ಲೀಟರ್ ಖಾಲಿ ಕ್ಯಾನೊಂದಕ್ಕೆ ಉದ್ದ ಹಗ್ಗ ಕಟ್ಟಿ ಕಂಬಕ್ಕೆ ನೇತುಹಾಕಿದ್ದೇವೆ, ಎಸೆಯಲು.

ಬೇಲಿ ಇದ್ದರೆ ಇನ್ನೂ ಒಳ್ಳೆಯದು. ತಂತಿ ಬೇಲಿಗೂ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆದರೆ ಬೇಲಿ ಆಗುವವರೆಗೆ ಸುಮ್ನೆ ಕೂರಬೇಡಿ. ಹಗ್ಗ ಕಟ್ಟಲು ಒಂದು ಮಧ್ಯಾಹ್ನ ಸಾಕು.

ಕೆರೆ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಹೂಳು ತೆಗೆಯಲು, ಮಣ್ಣು ಹೊಡೆಯಲು ಜೆಸಿಬಿ ಇಳಿಯುತ್ತದೆ. ಅಲ್ಲಲ್ಲಿ ಹತ್ತು ಹನ್ನೆರಡು ಅಡಿ ಗುಂಡಿ ಉಳಿಯುತ್ತದೆ. ಭರಣಿ, ಕೃತ್ತಿಕೆ ಮಳೆಗೆ ನೀರು ಬಂದು ಗುಂಡಿ ಮುಚ್ಚಿಹೋದರೆ ಎಲ್ಲ ಕಡೆ ಮೊಣಕಾಲುದ್ದ ಇದ್ದ ಹಾಗೆ ಕಾಣುತ್ತದೆ. ದನ ಮೈ ತೊಳೆಯಲು ಇಳಿದ ಹುಡುಗ ನಾಲ್ಕು ಹೆಜ್ಜೆ ನಡೆದು ಐದನೆಯದಕ್ಕೆ ಇರುವುದಿಲ್ಲ. ಗುಂಡಿ ಎಲ್ಲಿದೆ ಅಂತ ಮಣ್ಣು ಹೊಡೆದವರಿಗೆ ಗೊತ್ತಿರುತ್ತದೆ. ನೀರು ಬರುವ ಮೊದಲೇ ಉದ್ದ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿಬಿಡಿ. ಹೇಮಾವತಿ ನಾಲೆಗೆ ನೀರು ಬಿಟ್ಟಾಗ ಅದೂ ಇದೇ ಥರ. ಬದಿಗೆಲ್ಲ ಕಾಂಕ್ರೀಟು, ಮೇಲೆ ಪಾಚಿ, ಜೊತೆಗೆ ಸೆಳೆತ ಬೇರೆ. ಅಲ್ಲಿ ಬಟ್ಟೆ ಒಗೆಯಲೇಬೇಡಿ.

ಯಾರನ್ನಾದರೂ ಮೇಲೆ ಎಳೆದ ಮೇಲೆ ಏನು ಮಾಡಬೇಕು ಅನ್ನುವುದು ನಮ್ಮೂರಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ. ತಲೆಕೆಳಗೆ ಮಾಡಿ ತಿರುಗಿಸುತ್ತಾರೆ, ಹೊಟ್ಟೆ ಒತ್ತುತ್ತಾರೆ. ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟರೆ ಜೀವ ಬರುತ್ತೆ ಅಂತ ವಾಟ್ಸಾಪಿನಲ್ಲಿ ಒಂದು ಸುಳ್ಳು ಓಡಾಡುತ್ತಿದೆ. ಅದನ್ನು ನಂಬಿ ಗಂಟೆಗಟ್ಟಲೆ ಕಾದು ಕೂತ ತಂದೆತಾಯಿಯರಿದ್ದಾರೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಉಸಿರು ನಿಂತು ನಾಲ್ಕೈದು ನಿಮಿಷ ಆದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ನಮಗಿರುವುದು ಅಷ್ಟೇ ಹೊತ್ತು. ಅಂಗಾತ ಮಲಗಿಸಿ. ಉಸಿರಿದೆಯಾ ನೋಡಿ. ಇಲ್ಲದಿದ್ದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಊದಿ. ಎದೆಯ ನಡುಮಧ್ಯೆ 30 ಸಲ ಜೋರಾಗಿ, ಬೇಗ ಬೇಗ ಒತ್ತಿ. ಮತ್ತೆ ಎರಡು ಸಲ ಊದಿ. 108 ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಕೂರಲಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀರು ಶ್ವಾಸಕೋಶಕ್ಕೆ ಹೋಗಿದ್ದರೆ ಆಮೇಲೆ ತೊಂದರೆ ಕೊಡುತ್ತದೆ. ನಮ್ಮ ಹುಡುಗನನ್ನೂ ಆ ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡಿದ್ದರು.

ಇನ್ನು ಬೆಂಕಿ. ಹೋದ ಮಾರ್ಚಿನಲ್ಲಿ ಪಕ್ಕದ ಮನೆಯವರ ರಾಗಿ ಹುಲ್ಲಿನ ಮೆದೆ ಸುಟ್ಟಿತು. ಎರಡು ಹೊಲದಾಚೆ ಯಾರೋ ಬದುವಿನ ಹುಲ್ಲಿಗೆ ಬೆಂಕಿ ಇಟ್ಟಿದ್ದರು. ಬೆಳಿಗ್ಗೆಯೇ ಆರಿತು ಅಂದುಕೊಂಡು ಮನೆಗೆ ಹೋಗಿದ್ದಾರೆ. ಮಧ್ಯಾಹ್ನ ಗಾಳಿ ಎದ್ದಿತು. ತೋಟದಲ್ಲಿ ಬಿದ್ದ ಸೋಗೆ, ಒಣಗಿದ ಮಟ್ಟೆ ಹಿಡಿದು ಬಂದು ಮೆದೆ ಮುಟ್ಟಿತು. ತೆಂಗಿನ ಮಟ್ಟೆಯ ಗುಣ ನಮಗೆಲ್ಲ ಗೊತ್ತಲ್ವಾ? ಮೇಲೆ ಬೂದಿ, ಒಳಗೆ ಕೆಂಡ. ಎರಡು ದಿನ ಬಿಟ್ಟು ಕೆದಕಿದರೂ ಹೊಗೆ ಬರುತ್ತದೆ. ಬದು ಸುಡುವುದನ್ನೇ ಬಿಡಿ ಅಂತ ನನ್ನ ಮಾತು. ಸೋಗೆ, ಮಟ್ಟೆ ಎಲ್ಲ ಮರದ ಬುಡಕ್ಕೆ ಮುಚ್ಚಿಗೆ ಹಾಕಿದರೆ ತೇವ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಆದರೆ ಮನೆ ಮತ್ತು ಮೆದೆಯ ಸುತ್ತ ಮಾತ್ರ ಹತ್ತು ಹೆಜ್ಜೆ ನೆಲ ಚೊಕ್ಕಟವಾಗಿರಲಿ.

ಆವತ್ತು ಏನಾಯಿತು ಹೇಳುತ್ತೇನೆ. ಮೆದೆ ಪಕ್ಕ ಕರೆಂಟು ತಂತಿ ಹಾದು ಹೋಗಿತ್ತು. ಉರಿ ತಂತಿ ಮುಟ್ಟುತ್ತೆ ಅಂತ ಲೈನ್‌ಮನ್‌ಗೆ ಫೋನು ಮಾಡಿ ಲೈನು ತೆಗೆಸಿದೆವು. ತೆಗೆಸಲೇಬೇಕು. ತಕ್ಷಣ ಊರಿನ ಮೋಟರೆಲ್ಲ ನಿಂತವು. ಬೋರು ಇದೆ, ನೀರಿಲ್ಲ. ಪಂಪ್‌ಸೆಟ್‌ಗೆ ತ್ರೀಫೇಸ್ ಕೊಡುವುದೇ ದಿನಕ್ಕೆ 7 ಗಂಟೆ, ಆ ಹೊತ್ತಲ್ಲೇ ಬೆಂಕಿ ಬೀಳುತ್ತೆ ಅಂತ ಏನಿಲ್ಲ. ಆಗ ನೀರು ಕೊಟ್ಟದ್ದು ಅದೇ ನಮ್ಮ ಹೊಂಡ. ಹಗ್ಗ ಹಿಡಿದು ಇಬ್ಬರು ಇಳಿದು ನಿಂತರು, ಬಿಂದಿಗೆ ಕೈಯಿಂದ ಕೈಗೆ ಬಂತು. ಅಗ್ನಿಶಾಮಕದವರ ಗಾಡಿ 40 ನಿಮಿಷಕ್ಕೆ ಬಂತು. ತಿಪಟೂರಿಂದ ನಮ್ಮೂರಿನ ದಾರಿಗೆ ಅದು ಬೇಗವೇ. ಅಂಥ ಗಾಡಿಯಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರಿರುತ್ತದೆ. ಕೆಲವೇ ನಿಮಿಷದಲ್ಲಿ ಖಾಲಿ. ಆಮೇಲೆ ಅವರೂ ನಮ್ಮ ಹೊಂಡಕ್ಕೇ ಪೈಪು ಬಿಟ್ಟು ಎಳೆದುಕೊಂಡರು. ಹೊಂಡದವರೆಗೆ ಗಾಡಿ ಬರುವಷ್ಟು ದಾರಿ ಇತ್ತು, ಹಾಗಾಗಿ ಮನೆ ಉಳಿಯಿತು. ದಾರಿಗೆ ಅಡ್ಡ ಸೌದೆ, ಜಲ್ಲಿ ಹಾಕಿಕೊಂಡವರು ದಯವಿಟ್ಟು ಈ ವಾರವೇ ತೆಗೆಯಿರಿ.

ಅದಕ್ಕೇ ಮೆದೆ ಪಕ್ಕ 200 ಲೀಟರಿನ ಡ್ರಮ್ಮು ಇಡಿ ಅಂತ ಬೆನ್ನು ಬಿದ್ದಿರುವುದು. ಜೊತೆಗೆ ಎರಡು ಬಕೆಟ್ಟು, ಒಂದು ಮೂಟೆ ಮಣ್ಣು. ಬೆಂಕಿ ಮೊದಲ ಎರಡು ನಿಮಿಷದಲ್ಲಿ ಸಣ್ಣದಿರುತ್ತದೆ, ಆಗ ಕೈಗೆ ಸಿಗುವ ನೀರೇ ನೀರು. ತಂತಿ ಕೆಳಗೆ, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಪಕ್ಕ ಮೆದೆ ಹಾಕಬೇಡಿ. ಜಾಗ ಇದ್ದರೆ ಇರುವ ಹುಲ್ಲನ್ನು ಎರಡು ಮೆದೆ ಮಾಡಿ ದೂರ ದೂರ ಹಾಕಿ. ತಂತಿ ಜೋತು ಬಿದ್ದಿದ್ದರೆ ಕರೆಂಟಿನವರ 1912ಕ್ಕೆ ಫೋನು ಮಾಡಿ ದೂರು ಬರೆಸಿ, ದೂರಿನ ನಂಬರು ಇಟ್ಟುಕೊಳ್ಳಿ. ಟ್ರ್ಯಾಕ್ಟರಿನಲ್ಲಿ ಹುಲ್ಲು ತರುವಾಗ ಎತ್ತರ ಹೇರಿಕೊಂಡು ಅಂಥ ತಂತಿ ಕೆಳಗೆ ಬರಬೇಡಿ.

ಉರಿ ನಂದಿದ ಮೇಲೂ ಮೆದೆಯನ್ನು ನಂಬಬೇಡಿ. ಕವೆಗೋಲಿನಲ್ಲಿ ಎಳೆದು ಹರಡಿ ನೆನೆಸಬೇಕು. ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಮಾಡುತ್ತಾರಲ್ಲ, ಅದು 1944ರಲ್ಲಿ ಮುಂಬೈ ಬಂದರಿನಲ್ಲಿ ಹಡಗೊಂದು ಸಿಡಿದು ಸತ್ತ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ಆ ಹಡಗಿನಲ್ಲಿ ಸಿಡಿಮದ್ದಿನ ಜೊತೆ ಹತ್ತಿ ಮೂಟೆಗಳಿದ್ದವು. ಬೆಂಕಿ ಮೊದಲು ಹಿಡಿದದ್ದು ಹತ್ತಿಗೆ. ಒತ್ತಿಟ್ಟ ಹತ್ತಿಯೂ ಒತ್ತಿಟ್ಟ ಹುಲ್ಲೂ ಒಂದೇ, ಮೇಲೆ ನೀರು ಹೊಯ್ದರೂ ಒಳಗೆ ಉರಿಯುತ್ತಿರುತ್ತದೆ.

ಕೊಟ್ಟಿಗೆ ಬಗ್ಗೆ ಡೇರಿಯವಳಾಗಿ ಹೇಳಲೇಬೇಕು. ಸಂಜೆ ಸೊಳ್ಳೆಗೆ ಅಂತ ಮಟ್ಟೆ ಹೊಗೆ ಹಾಕಿ ಹಾಗೇ ಮಲಗಬೇಡಿ. ಹೊಗೆಯನ್ನು ಹಳೇ ಬಾಣಲೆಯಲ್ಲಿ ಹಾಕಿ, ಮಲಗುವ ಮುಂಚೆ ನೀರು ಸುರಿದು ಆರಿಸಿ. ಹಸುಗಳ ಹಗ್ಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಲ್ಲಿರಲಿ. ಬಾಗಿಲ ಪಕ್ಕ ಒಂದು ಕುಡುಗೋಲು ಸಿಕ್ಕಿಸಿಡಿ. ಬಿಚ್ಚಿದ ಹಸು ಹೆದರಿ ಮತ್ತೆ ಒಳಗೇ ನುಗ್ಗುತ್ತದೆ, ಆದ್ದರಿಂದ ದೂರ ಹೊಡೆದುಕೊಂಡು ಹೋಗಿ ಕಟ್ಟಿ. ಅಟ್ಟದ ಮೇಲೆ ಉಂಡೆ ಕೊಬ್ಬರಿಗೆ ಕಾಯಿ ಹಾಕಿರುವವರು ಕೆಳಗೆ ಒಲೆ ಹಚ್ಚಬೇಡಿ. ಎಣ್ಣೆ ಇರುವ ವಸ್ತು ಅದು, ಹಿಡಿದರೆ ಬಿಡುವುದಿಲ್ಲ. ಯಾರಿಗಾದರೂ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟು, ಇಂಕು, ಅರಿಶಿನ ಏನೂ ಹಚ್ಚಬೇಡಿ.

ಫೋನು ನಂಬರು: ಅಗ್ನಿಶಾಮಕಕ್ಕೆ 101 ಅಥವಾ 112. ಊರ ಹೆಸರಿನ ಜೊತೆ ಹತ್ತಿರದ ದೊಡ್ಡ ಊರು, ದೇವಸ್ಥಾನ ಹೇಳಿ. ಒಬ್ಬ ಹುಡುಗನನ್ನು ಬೈಕಿನಲ್ಲಿ ಮೇನ್ ರೋಡಿಗೆ ಕಳಿಸಿ, ಗಾಡಿಗೆ ದಾರಿ ತೋರಿಸಲು.

ನಮ್ಮೂರಲ್ಲಿ 23 ಹೊಂಡ ಇದೆ. ಹೋದ ವಾರ ಎಣಿಸಿದೆ. ಹಗ್ಗ ಇರುವುದು ಒಂಬತ್ತಕ್ಕೆ. ಶಾಲೆಗೆ ರಜ ಬಿಡಲು ಇನ್ನು ಹದಿನೈದು ದಿನ ಇದೆ. ಡೇರಿಯಲ್ಲಿ ಎರಡು ಸುರುಳಿ ನೈಲಾನ್ ಹಗ್ಗ ತರಿಸಿ ಇಟ್ಟಿದ್ದೇನೆ, ಹಣ ಮುಂದಿನ ಬಟವಾಡೆಯಲ್ಲಿ ಹಿಡಿದುಕೊಂಡರಾಯಿತು. ಗಂಟು ಹಾಕುವುದನ್ನು ಅತ್ತೆ ತೋರಿಸುತ್ತಾರೆ. ಭಾನುವಾರ ಸಂಜೆ ಹಾಲು ಹಾಕಿದ ಮೇಲೆ ಅರ್ಧ ಗಂಟೆ ನಿಲ್ಲಿ. ಹೊಂಡದ ಆಳ, ಏರಿಯ ಇಳಿಜಾರು ಎಷ್ಟಿದೆ ಅಂತ ಅಳೆದುಕೊಂಡು ಬನ್ನಿ.